ಲೇಟ್ ಭೀಮರಾಯ

"ಒಮ್ಮೆ ಸರಿಯಾಗಿ ನೋಡಿ ಮಾರಾಯ್ರೆ," ಎಂದು ಮೋನಪ್ಪ ಹಸಿ ಶಾಯಿಯ ಪ್ರೂಫನ್ನು ಮೇಜಿನ ಆಚೆಗೆ ತಳ್ಳಿದ. "ಮುನ್ನೂರು ಕಾರ್ಡು ಅಚ್ಚಾದ ಮೇಲೆ ಬಂದು ತಪ್ಪುಂಟು ಅಂದರೆ ಅದಕ್ಕೆ ನಾನು ಜನ ಅಲ್ಲ."

ಫೋರ್ಟಿನ ಗಲ್ಲಿಯೊಂದರಲ್ಲಿ, ಹಳೆಯ ಬಿಲ್ಡಿಂಗಿನ ಮೆಟ್ಟಿಲ ಕೆಳಗಿನ ಜಾಗದಲ್ಲಿ ಮೋನಪ್ಪನ ಪ್ರೆಸ್ಸು. ಬಾಂಗ್ಲಾ ಯುದ್ಧದ ಕಾಲದಲ್ಲಿ ಕಿಟಕಿಯ ಗಾಜಿಗೆ ಬಳಿದ ಕಪ್ಪು ಬಣ್ಣವನ್ನು ಆತ ಇನ್ನೂ ಪೂರ್ತಿ ಕೆರೆದು ತೆಗೆದಿರಲಿಲ್ಲ. ಹಗಲಲ್ಲೂ ದೀಪ ಉರಿಯುತ್ತಿತ್ತು. ಕನ್ನಡದ ಅಚ್ಚುಮೊಳೆ ಇಟ್ಟುಕೊಂಡ ಪ್ರೆಸ್ಸು ಆ ಸುತ್ತಿನಲ್ಲಿ ಅದೊಂದೇ ಆದ್ದರಿಂದ ಮಂಗಳೂರಿನವರೂ ಗುಲ್ಬರ್ಗದವರೂ ಮದುವೆ ಗೊತ್ತಾದರೆ ಅಲ್ಲಿಗೇ ಬರಬೇಕು.

ಮದುವೆಯ ಹುಡುಗಿಯ ಸೋದರಮಾವ ಅಣವೀರಪ್ಪ ಕನ್ನಡಕವನ್ನು ಧೋತರದ ಚುಂಗಿನಿಂದ ಒರೆಸಿದ. ಅದು ಚೊಕ್ಕಟವಾಗಿಯೇ ಇತ್ತು. ವಿಮಾ ಕಚೇರಿಯೊಂದರಲ್ಲಿ ಕಾಗದ ಒಯ್ಯುವ ಸಿಪಾಯಿಯಾಗಿ ತಲೆ ನರೆಸಿಕೊಂಡವನು ಅವನು. ಕಾಗದ ಓದುವಾಗ ಗಂಟಲು ಸರಿಮಾಡಿಕೊಳ್ಳುವ ರೂಢಿ ಸಾಹೇಬರಿಂದ ಬಂದದ್ದು. ದೇವರ ಹೆಸರು, ಬೀಗರ ಹೆಸರು, ಹುಡುಗನ ಹೆಸರು ಎಲ್ಲವನ್ನೂ ಗಟ್ಟಿಯಾಗಿ ಓದಿದ. ಹುಡುಗಿಯ ಸಾಲು ಬಂದಾಗ ಮಾತ್ರ ದನಿ ಇಳಿದು, ಗಡಿಬಿಡಿಯಲ್ಲಿ ದಾಟಿತು. "ಲೇಟ್ ಭೀಮರಾಯ ಇವರ ಸುಪುತ್ರಿ ಚಿರಂಜೀವಿ ಕುಂಕುಮ ಸೌಭಾಗ್ಯವತಿ ನೀಲಾಬಾಯಿ."

ಮೋನಪ್ಪ ಪ್ರೂಫನ್ನು ನೋಡುತ್ತಿರಲಿಲ್ಲ. ಅಣವೀರಪ್ಪನ ಹಿಂದೆ ಬೆಂಚಿನ ಮೇಲೆ ಕೂತಿದ್ದ ಹೆಂಗಸನ್ನು ನೋಡುತ್ತಿದ್ದ. ಹುಡುಗಿಯ ತಾಯಿ ಎಂದು ಬಂದ ಕೂಡಲೇ ಹೇಳಿದ್ದರು. ಹಣೆಯ ಮೇಲೆ ಎಂಟಾಣೆ ಅಗಲದ ಕುಂಕುಮ, ಕೈತುಂಬ ಹಸಿರು ಬಳೆ, ಕೊರಳಲ್ಲಿ ತಾಳಿ. ಕಾರ್ಡಿನಲ್ಲಿ ನೋಡಿದರೆ ಗಂಡ ಸತ್ತಿದ್ದಾನೆ!

"ಈ ಲೇಟ್ ಅನ್ನುವುದು…" ಎಂದು ಮೋನಪ್ಪ ಶುರುಮಾಡಿದ.

"ಬರೋಬ್ಬರಿ ಅದ. ಹಂಗ ಇರ್ಲಿ," ಎಂದು ಅಣವೀರಪ್ಪ ಅವಸರದಿಂದ ಕಾಗದ ಮಡಚಿದ.

"ಅಣ್ಣಾ," ಎಂದಳು ಬೆಂಚಿನ ಮೇಲಿದ್ದ ಕಸ್ತೂರಿಬಾಯಿ. "ಅವನ ಹೆಸರಿನ ಮುಂದ ಏನಂದಿ?"

ಅವಳಿಗೆ ಆ ಶಬ್ದ ಹೊಸದಲ್ಲ. ಪವಾಯಿಯಲ್ಲಿ ಇಂಜಿನಿಯರಿಂಗ್ ಕಾಲೇಜು ಕಟ್ಟುವಾಗ ಅಲ್ಲಿ ಕಲ್ಲು ಹೊತ್ತವಳು, ಈಗ ಅಲ್ಲಿಯದೇ ಹಾಸ್ಟೆಲ್ ಮೆಸ್ಸಿನಲ್ಲಿ ಚಪಾತಿ ಲಟ್ಟಿಸುವವಳು. ಲೇಟಾಗಿ ಹೋಗಿ ಹಾಜರಿ ಕಳೆದುಕೊಂಡದ್ದುಂಟು. ಆದರೆ ಹೆಸರಿನ ಮುಂದೆ ಅದು ಬಂದ ರೀತಿ ಅವಳಿಗೆ ಸರಿಬರಲಿಲ್ಲ. ಅಣ್ಣ ಮಡಚಿದ ಕಾಗದವನ್ನು ಮತ್ತೊಮ್ಮೆ ಮಡಚಿದ. ಕೇಳಿದ್ದಕ್ಕೆ ಉತ್ತರ ಕೊಡದೆ ಕೂರುವುದು ಮೋನಪ್ಪನ ಜಾಯಮಾನವಲ್ಲ.

"ಇಂಗ್ಲಿಷಿನ ಮರ್ಯಾದೆಯ ಶಬ್ದ ಅಮ್ಮ. ತೀರಿಕೊಂಡವರ ಹೆಸರಿಗೆ ಹಚ್ಚುವುದು," ಎಂದುಬಿಟ್ಟ.

ಕಸ್ತೂರಿಬಾಯಿ ಕೈಯ ಬಳೆಗಳನ್ನು ಹಿಂದೆ ಮುಂದೆ ಸರಿಸತೊಡಗಿದಳು. ಅದನ್ನು ನೋಡಲಾರದೆ ಮೋನಪ್ಪ ಮಾತಾಡುತ್ತಲೇ ಹೋದ. "ನನ್ನ ಅಪ್ಪನ ಕಾಲದಲ್ಲಿ ಇದೆಲ್ಲ ಇರಲಿಲ್ಲ. ಒಬ್ಬರಿಗೆ ವೈಕುಂಠವಾಸಿ ಬೇಕು, ಇನ್ನೊಬ್ಬರಿಗೆ ಕೈಲಾಸವಾಸಿ, ನಿಮ್ಮ ಕಡೆಯ ಲಿಂಗಾಯತರು ಬಂದರೆ ಲಿಂಗೈಕ್ಯ. ಅದಲುಬದಲಾದರೆ ಹೊಡೆದಾಟವೇ! ಈಗ ನೋಡಿ, ಯಾವ ಜಾತಿಯವರು ಬಂದರೂ ಲೇಟ್. ಸತ್ತವರು ಯಾವ ಲೋಕಕ್ಕೆ ಹೋದರು ಅಂತ ಕೇಳುವ ರಗಳೆಯೇ ಇಲ್ಲ. ಇಂಗ್ಲಿಷಿನವರು ಹೊಸತಾಗಿ ಸತ್ತವರಿಗೆ ಮಾತ್ರ ಹಾಕುವುದಂತೆ, ನಾಲ್ಕು ವರ್ಷ ಕಳೆದ ಮೇಲೆ ತೆಗೆಯುವುದಂತೆ. ನಮ್ಮವರು ಅಜ್ಜನ ಅಜ್ಜನಿಗೂ ಬಿಡುವುದಿಲ್ಲ. ಈ ಫೋರ್ಟಿನಲ್ಲೇ ಹಳೆ ಅಂಗಡಿಗಳ ಬೋರ್ಡಿನಲ್ಲಿ ಲೇಟ್ ಇಂಥ ದೊರೆ ಅಂತ ಇರುತ್ತಿತ್ತು. ಆ ದೊರೆ ಅಂಗಡಿ ಮಾರಿ ವಿಲಾಯತಿಗೆ ಹೋಗಿ ಗಡದ್ದಾಗಿ ಉಣ್ಣುತ್ತಿದ್ದ. ಮೊದಲು ಇಂಥವನದಾಗಿತ್ತು ಅಂತ ಅಷ್ಟೇ ಅರ್ಥ."

"ಅಂದ್ರ ಜೀವ ಇದ್ದಾಂವಗೂ ಹಾಕ್ತಿದ್ರೇನ್ರಿ?"

"ಆಗ ಹಾಕುತ್ತಿದ್ದರು ಅಮ್ಮ. ಈಗ ಹಾಕಿದರೆ ಸತ್ತ ಅಂತಲೇ ಓದುವುದು."

ಅವಳು ಎದ್ದು ಸೆರಗು ಸರಿಮಾಡಿಕೊಂಡಳು. "ಎರಡು ದಿನ ತಡೀರಿ. ನಾ ಹೇಳೂತನ ಅಚ್ಚು ಹಾಕಬ್ಯಾಡ್ರಿ," ಎಂದು ಹೊರಗೆ ನಡೆದಳು.

ಅಣವೀರಪ್ಪ ಅವಳನ್ನು ಹಿಂಬಾಲಿಸಿ ಬಂದು, ಕಚೇರಿಯ ಜನ ಊಟಕ್ಕೆ ನುಗ್ಗುವ ಉಡುಪಿ ಹೋಟೆಲಿನ ಒಂದು ಮೂಲೆಗೆ ಕರೆದುಕೊಂಡು ಹೋದ. ಚಹ ಬಂತು. ಬಸಿ ತಟ್ಟೆಗೆ ಹಾಕಿ ಊದಿ ಊದಿ ತಣ್ಣಗಾದ ಮೇಲೂ ಊದುತ್ತಿದ್ದ.

"ಹುಡುಗಿ ನೋಡ್ಲಾಕ ಬಂದ ದಿನಾನೇ ಅಂದೀನಿ ಯವ್ವಾ. ನೀ ಪಡದಾ ಹಿಂದ ಇದ್ದಿ. ಬೀಗ ಶಾಂತಮಲ್ಲಪ್ಪ ಕೇಳ್ದ, ಹುಡುಗಿ ತಂದಿ ಎಲ್ಲಿ ಅಂತ. ಸತ್ತಾನ ಅನ್ಲಾಕ ನನ್ನ ನಾಲಿಗಿ ಏಳ್ಲಿಲ್ಲ. ನನ್ನ ತಂಗಿ ಗಂಡ, ಹೆಂಗ ಅನ್ಲಿ? ಅವರು ಲೇಟ್ ಅದಾರ ಅಂದೆ. ಇಂಗ್ಲೀಷಿನ್ಯಾಗ ಅಂದ್ರ ಅಷ್ಟು ಹತ್ತೂದಿಲ್ಲ ಅನಿಸ್ತು. ಮೋನಪ್ಪ ಕೈಲಾಸವಾಸಿ ಹಾಕ್ಲೇನು ಅಂತ ಕೇಳಿದಾಗ್ಲೂ ಎದಿ ಝಲ್ಲಂತು. ಕನ್ನಡದಾಗೂ ಲೇಟ್ ಅಂತ್ಲೇ ಹಾಕು ಅಂದೆ."

ಬೀಗರ ಪೈಕಿ ಅಂದು ಬಂದವರು ಗಂಡಸರಷ್ಟೇ. ಅವರೆದುರು ಕಸ್ತೂರಿಬಾಯಿ ಹೊರಗೆ ಬಂದಾಗ ಸೆರಗು ಹುಬ್ಬಿನವರೆಗೆ ಇಳಿದಿತ್ತು. ಕೈಗಳೂ ಸೆರಗಿನೊಳಗೇ ಇದ್ದವು, ಹಣೆಯಾಗಲಿ ಬಳೆಯಾಗಲಿ ಯಾರಿಗೂ ಕಂಡಿರಲಿಲ್ಲ. ಹಾಗಾಗಿ ಸುಳ್ಳು ಉಳಿದುಕೊಂಡಿತು.

"ಜೀವ ಇದ್ದಾಂವನ್ನ ಕೊಂದಿ ನೋಡು ಅಣ್ಣಾ," ಎಂದಳು.

"ಮತ್ತೇನ್ ಮಾಡ್ಲಿ? ಗೋರೆಗಾಂವದಾಗ ಇನ್ನೊಬ್ಬಾಕಿ ಕೂಡ ಅದಾನಂತ ಹೇಳ್ಲೇನು? ಹಿಂದಿನ ಎರಡು ಸಂಬಂಧ ಯಾಕ ಮುರದು ಬಿದ್ವು? ತಂದಿ ಇಲ್ದಾಕಿ ನಡೀತಾಳ, ಓಡಿಹೋದಾಂವನ ಮಗಳು ನಡ್ಯೂದಿಲ್ಲ ಅಂತ ಮಾರಿ ಮ್ಯಾಲ ಅಂದು ಹೋಗ್ಯಾರ. ಈ ಹುಡುಗ ಟೈಪಿಸ್ಟ್ ಅದಾನ, ಕುಡ್ಯಾಂವಲ್ಲ. ನೀಲಾನೂ ಒಪ್ಯಾಳ. ನೀನೇ ಹೇಳು."

ಅವಳೇನು ಹೇಳಿಯಾಳು? ಭೀಮರಾಯ ಕೈ ತುಂಬ ಗಾರೆ ಕೆಲಸವಿದ್ದ ಗೌಂಡಿ. ಕಾಲೇಜಿನ ಗೋಡೆಗಳು ಎದ್ದು ನಿಂತ ವರ್ಷ, ಗೋರೆಗಾಂವಿನಲ್ಲಿ ಹೊಸ ಕಾಲೊನಿ ಏಳುತ್ತದೆ, ಕೂಲಿ ಹೆಚ್ಚು ಎಂದು ಹೋದವನು ಹಬ್ಬಕ್ಕೆ ಬರುವುದನ್ನು ಬಿಟ್ಟ, ಆಮೇಲೆ ಬರುವುದನ್ನೇ ಬಿಟ್ಟ. ನೀಲಾ ಆಗ ಇನ್ನೂ ಪರಕಾರ ಉಡುವ ಸಣ್ಣ ಹುಡುಗಿ. ಕೇಳಿದವರಿಗೆಲ್ಲ ಕಸ್ತೂರಿಬಾಯಿ ಮಸ್ಕತ್ತಿಗೆ ಹೋಗ್ಯಾನ ಎಂದಳು. ಕೇಳಿದವರು ಹೂಂ ಎಂದರು. ಪವಾಯಿಯಿಂದ ಗೋರೆಗಾಂವಿಗೆ ಎಷ್ಟು ದೂರವೆಂಬುದು ಎಲ್ಲರಿಗೂ ಗೊತ್ತಿತ್ತು.

ಕುಂಕುಮ ಮಾತ್ರ ಅವಳು ಒಂದು ದಿನವೂ ಬಿಡಲಿಲ್ಲ. ಅದು ಅವನ ಮೇಲಿನ ಪ್ರೀತಿಯಿಂದಲೇ ಎಂದರೆ ಸುಳ್ಳಾದೀತು. ಹಾಜರಿ ಬರೆಯುವವನ ಕಣ್ಣು, ಕೆಲಸ ಮಾಡಿಸುವ ಮುಕಾದಮನ ಕೈ ಇವುಗಳ ನಡುವೆ ಒಂಟಿ ಹೆಂಗಸಿಗೆ ಹಣೆಯ ಮೇಲೆ ಒಬ್ಬ ಗಂಡ ಇರುವುದು ಒಳ್ಳೆಯದು. ಜೊತೆಗೆ ಅವಳ ಕಂಠ. ಪವಾಯಿಯ ನಮ್ಮ ಜನರಲ್ಲಿ ಯಾರ ಮದುವೆಯಾದರೂ ಸುರಗಿ ನೀರಿಗೆ ಐದು ಮಂದಿ ಮುತ್ತೈದೆಯರಲ್ಲಿ ಮೊದಲನೆಯವಳು ಕಸ್ತೂರಿಬಾಯಿ. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ನೂಲು ಸುತ್ತಿ, ಮದುಮಕ್ಕಳ ತಲೆಯ ಮೇಲೆ ನೀರು ಹಾಕುತ್ತ ಅವಳು ಹಾಡು ಎತ್ತಿದರೆ ಗಂಡಸರೂ ಬೀಡಿ ಆರಿಸಿ ಕೇಳುತ್ತಿದ್ದರು. ಎಷ್ಟೋ ಮಂದಿಯ ಮಕ್ಕಳಿಗೆ ನೀರೆರೆದಿದ್ದಳು, ತನ್ನ ಮಗಳ ಸರದಿಗೆ ಕಾದಿದ್ದಳು. ಕಾರ್ಡಿನಲ್ಲಿ ಆ ಒಂದು ಶಬ್ದ ಬಿದ್ದರೆ ಮಗಳ ಮೈಗೆ ಅವಳು ಅರಿಷಿಣ ಮುಟ್ಟಿಸುವ ಹಾಗಿಲ್ಲ. ಬೀಳದಿದ್ದರೆ ಮದುವೆಯೇ ಇಲ್ಲ.

ಸಂಜೆ ನೀಲಾ ಹೊಲಿಗೆ ಕ್ಲಾಸಿನಿಂದ ಬಂದಳು. ಪಕ್ಕದ ಖೋಲಿಯ ಅಜೀಜಾಬಿ ಮಾಮೂಲಿನಂತೆ ಹೊಸ್ತಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಕಸ್ತೂರಿಬಾಯಿ ನಡೆದದ್ದನ್ನು ಹೇಳಿದಳು.

"ಜಾನೇ ದೋ ನಾ ಅವ್ವಾ," ಎಂದಳು ನೀಲಾ, ಚಪ್ಪಲಿ ಕಳಚುತ್ತ. "ಹಾಕ್ಲಿ ಬಿಡು. ಆ ಆದ್ಮಿ ನನಗ ಕಬ್ ಕಾ ಲೇಟ್ ಆಗ್ಯಾನ."

"ಬೇಟೀ, ಬಾಯಿ ಮುಚ್ಚು," ಎಂದು ಅಜೀಜಾಬಿ ಮೊರದಿಂದ ಕಣ್ಣೆತ್ತಿದಳು. "ನಿನಗೇನ್, ಬಾಪ್ ಇಲ್ಲಂದ್ರ ಗಂಡ ಬರ್ತಾನ. ನಿಮ್ಮವ್ವನ ಮಾರಿ ನೋಡೀ ಏನು?"

ನೀಲಾ ತಾಯಿಯ ಹಣೆಯ ಕುಂಕುಮ ನೋಡಿದಳು. ಆಗ ಅವಳಿಗೆ ಹೊಳೆಯಿತು. ತಾಯಿಯ ಹತ್ತಿರ ಬಂದು ಕೂತು, "ಹಂಗಾದ್ರ ನಂಗ ಶಾದಿ ಬ್ಯಾಡ ಅವ್ವಾ. ಖರೇನ ಬ್ಯಾಡ," ಎಂದಳು. ಹೇಳುವಾಗಲೇ ಕಣ್ಣಲ್ಲಿ ನೀರು ಬಂತು. ಆ ನೀರು ಯಾರಿಗಾಗಿ ಎಂಬುದು ಹೆತ್ತವಳಿಗೆ ತಿಳಿಯದೇ? ಹುಡುಗನನ್ನು ನೋಡಿದ ದಿನದಿಂದ ಆ ಹುಡುಗಿ ಕನ್ನಡಿಯ ಮುಂದೆ ನಿಲ್ಲುವ ರೀತಿಯೇ ಬೇರೆಯಾಗಿತ್ತು.

ಆದಿತ್ಯವಾರ ಕಸ್ತೂರಿಬಾಯಿ ಅಂಧೇರಿಗೆ ಬಸ್ಸು ಹಿಡಿದು, ಅಲ್ಲಿಂದ ಲೋಕಲ್ ಹತ್ತಿ ಗೋರೆಗಾಂವಿಗೆ ಹೋದಳು. ಅವನಿರುವ ಜಾಗವನ್ನು ಊರ ಕಡೆಯ ಕೂಲಿಯವನೊಬ್ಬ ಎಂದೋ ಹೇಳಿದ್ದ. ಇಷ್ಟು ವರ್ಷ ಅವಳು ಆ ದಿಕ್ಕಿಗೆ ತಲೆಯಿಟ್ಟು ಮಲಗಿದವಳೂ ಅಲ್ಲ. ಕಾಲೊನಿಯ ಹಿಂದೆ ತಗಡಿನ ಮನೆಗಳ ಸಾಲು. ಭೀಮರಾಯ ಮಾಡಿನ ಮೇಲೆ ಕೂತು ತಗಡಿನ ತೂತಿಗೆ ಡಾಂಬರು ಬಳಿಯುತ್ತಿದ್ದ. ಮೈ ಇಳಿದಿತ್ತು, ಮೀಸೆ ಬೆಳ್ಳಗಾಗಿತ್ತು. ಕೆಳಗೆ ನಿಂತವಳನ್ನು ಕಂಡು ಅವನ ಕೈ ನಿಂತಿತು.

"ನೀಲಾನ ಲಗ್ನ ಕೂಡಿ ಬಂದದ," ಎಂದಳು, ಅಲ್ಲಿಂದಲೇ.

ಅವನು ನಿಧಾನವಾಗಿ ಇಳಿದು ಬಂದ. ಒಳಗಿನಿಂದ ಅವನ ಜೊತೆಗಿದ್ದ ಇಂದ್ರಾಬಾಯಿ ಬಂದು ಚಾಪೆ ಹಾಸಿ, ಒಂದು ಮಾತೂ ಕೇಳದೆ ಸ್ಟವ್ ಹಚ್ಚಿದಳು. ಅವಳೂ ಮೈ ಮುರಿದು ದುಡಿದ ಹೆಂಗಸೇ, ಕೈಬೆರಳು ಸುಣ್ಣಕ್ಕೆ ಒಡೆದಿದ್ದವು. ಆ ಮನೆಯ ನೀರೂ ಮುಟ್ಟಬಾರದೆಂದುಕೊಂಡು ಬಂದ ಕಸ್ತೂರಿಬಾಯಿ ಚಹ ಕುಡಿದಳು. ಬಿಸಿಲಲ್ಲಿ ಬಂದು ಬಾಯಾರಿತ್ತು.

"ಒಂದ್ ದಿನ ಬಂದು ತಂದಿ ಅಂತ ಹಸಿಮಣಿ ಬಾಜೂಕ ಕೂಡ್ತೀಯೇನು?" ಎಂದು ಕೇಳಿದಳು. "ಅಕ್ಕಿಕಾಳು ಬಿದ್ದ ಮ್ಯಾಲ ನಿನ್ನ ಹಾದಿ ನಿನಗ."

"ಹೋಗಿ ಬರ್ರಿ," ಎಂದಳು ಇಂದ್ರಾಬಾಯಿ, ಒಲೆಯ ಹತ್ತಿರದಿಂದ. "ನಾ ಒಲ್ಲೆ ಅನ್ನೂದಿಲ್ಲ."

ಭೀಮರಾಯ ಬೆರಳಿಗಂಟಿದ ಡಾಂಬರು ಉಜ್ಜುತ್ತ ಕೂತ. "ಬೀಗರಿಗೆ ನನ್ನ ಬಗ್ಗಿ ಏನಂತ ಹೇಳೀರಿ?"

ಅವಳು ಹೇಳಿದಳು. ಲೇಟ್ ಎಂದರೇನೆಂದು ಅವನಿಗೆ ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ. ಅವನು ಕಟ್ಟಿದ ಬಿಲ್ಡಿಂಗುಗಳ ಬಾಗಿಲ ಮೇಲೆ ಸತ್ತ ಸೇಠರ ಹೆಸರಿನ ಹಲಗೆಗಳು ಹಾಗೇ ಶುರುವಾಗುತ್ತಿದ್ದವು.

"ಮುಗೀತಲ್ಲ ಮತ್ತ," ಎಂದ. "ಸತ್ತಾನಂದ ಮ್ಯಾಲ ನಾ ಹೋಗಿ ಕುಂತ್ರ ಬೀಗ ಕುಂದ್ರತಾನೇನು? ಎದ್ದು ಹೋಗ್ತಾನ. ನಾ ಬಂದ್ರ ಮದಿವಿ ಮುರೀತದ ಕಸ್ತೂರಿ." ಅದು ಖರೆಯೇ ಆಗಿತ್ತು. ರೈಲಿನಲ್ಲಿ ಬರುವಾಗ ಅವಳೂ ಅದನ್ನೇ ಲೆಕ್ಕ ಹಾಕಿದ್ದಳು, ಆದರೂ ಬಂದಿದ್ದಳು. ಅವನು ಮುಖ ಎತ್ತಿದ. ಕಣ್ಣು ತುಂಬಿದ್ದವು. "ಹಾಕ್ಸು. ಲೇಟ್ ಅಂತ್ಲೇ ಹಾಕ್ಸು. ನನಗೇನೂ ಬ್ಯಾಸರಿಲ್ಲ. ಅಕೀಗೆ ನಾ ಏನೂ ಮಾಡ್ಲಿಲ್ಲ, ಇಷ್ಟರೆ ಮಾಡ್ತೀನಿ."

ದಾನ ಕೊಟ್ಟವನ ಹಾಗೆ ಅಂದ. ಅದನ್ನು ಕೇಳಿ ಕಸ್ತೂರಿಬಾಯಿಗೆ ಅಂಗಾಲಿನಿಂದ ನೆತ್ತಿಗೆ ಉರಿ ಏರಿತು.

"ನಿನಗ್ಯಾಕ ಬ್ಯಾಸರ ಆಗ್ತದ? ಇಲ್ಲಿ ಮಾಡಿನ ಮ್ಯಾಲ ಕುಂತು ಡಾಂಬರ ಬಳ್ಕೋತ ಸಾಯಾಂವ ನೀ! ಎತ್ತಿಗಿ ಜ್ವರ ಬಂದ್ರ ಎಮ್ಮಿಗಿ ಬರಿ ಹಾಕಿದ್ರಂತ. ಹಣಿ ಅಳಸ್ಕೊಳ್ಳಾಕಿ ಯಾರು? ಬಳಿ ಒಡ್ಕೊಳ್ಳಾಕಿ ಯಾರು? ಮಗಳ ಮೈಗೆ ಅರಿಷಿಣ ಹಚ್ಚೂ ಹೊತ್ತಿಗಿ ಒಲಿ ಮುಂದ ಮುಸುಕು ಹಾಕ್ಕೊಂಡು ಕುಂದ್ರಾಕಿ ಯಾರು? ನೀ ಬಿಟ್ಟು ಹೋದಾಗ ನಾ ಅತ್ತಿಲ್ಲ. ಇವತ್ತ ಸಾಯ್ತೀನಿ ಅಂದ್ಯಲ್ಲ, ಇವತ್ತ ನನ್ನ ಹೊಟ್ಟಿ ಉರೀಲಿಕ್ಹತ್ಯಾದ."

ಭೀಮರಾಯ ಅಷ್ಟು ದೂರ ಯೋಚಿಸಿಯೇ ಇರಲಿಲ್ಲ. ಇಂದ್ರಾಬಾಯಿಯ ಕೈ ತನ್ನಷ್ಟಕ್ಕೆ ತಾನೇ ಹಣೆಯ ಕಡೆಗೆ ಹೋಯಿತು. ಅವಳ ಕುಂಕುಮವೂ ಇದೇ ಮನುಷ್ಯನ ಹೆಸರಿನದು. ಕೈ ಅಲ್ಲಿಗೆ ಮುಟ್ಟುವ ಮೊದಲೇ ಇಳಿಸಿಕೊಂಡಳು.

ಕಸ್ತೂರಿಬಾಯಿ ಎದ್ದಾಗ ಅವನು ಸಣ್ಣ ದನಿಯಲ್ಲಿ, "ಕಾರ್ಡ್ ಒಂದು ನನಗೂ ಕಳಸು," ಎಂದ.

"ಸತ್ತವ್ರಿಗೆ ಯಾರ್ ಕಾರ್ಡ್ ಹಂಚ್ತಾರ?" ಎಂದು ಅವಳು ಚಪ್ಪಲಿ ಮೆಟ್ಟಿದಳು.

ರಸ್ತೆಯವರೆಗೆ ಇಂದ್ರಾಬಾಯಿ ಜೊತೆಗೆ ಬಂದಳು. ಬಸ್ ಸ್ಟಾಪಿನಲ್ಲಿ ಇಬ್ಬರೂ ಬೇರೆ ಬೇರೆ ಕಡೆ ನೋಡುತ್ತ ನಿಂತರು. ಬಸ್ಸು ಕಾಣಿಸಿದ ಮೇಲೆ ಇಂದ್ರಾಬಾಯಿ, "ಯಾವತ್ತದ ಅಕ್ಕಾ ಲಗ್ನ?" ಎಂದಳು. ಕಸ್ತೂರಿಬಾಯಿ ದಿನ ಹೇಳಿದಳು. ಯಾಕೆ ಹೇಳಿದೆನೆಂದು ಬಸ್ಸಿನಲ್ಲಿ ಕೂತ ಮೇಲೆ ತನ್ನನ್ನೇ ಬೈದುಕೊಂಡಳು.

ಮರುದಿನ ಮೆಸ್ಸಿನ ಕೆಲಸ ಮುಗಿಸಿ ಒಬ್ಬಳೇ ಫೋರ್ಟಿಗೆ ಹೋದಳು. ಮೋನಪ್ಪ ಅವಳನ್ನು ಕಂಡು ಕುರ್ಚಿಯಿಂದ ಎದ್ದ.

"ಹಾಕ್ರಿ," ಎಂದಳು.

"ಅಮ್ಮ, ಒಂದು ಮಾತು. ಬೇಕಾದರೆ ತಂದೆಯ ಹೆಸರೇ ಬಿಟ್ಟು ನಿಮ್ಮ ಅಣ್ಣನವರ ಹೆಸರಲ್ಲಿ ಹಾಕುವ. ಸೋದರಮಾವ ಕರೆಯುವುದು ಉಂಟು."

"ತಂದಿ ಹೆಸರ ಇರಲಾರದ ಕಾರ್ಡ್ ನೋಡಿ ಬೀಗರು ಸುಮ್ಮಕ ಇರ್ತಾರೇನ್ರಿ? ಇಲ್ಲದ್ದೆಲ್ಲಾ ಹುಡುಕ್ತಾರ. ಹಾಕ್ರಿ ಅಂದ್ನಲ್ಲ."

ಮೋನಪ್ಪ ತಲೆ ತಗ್ಗಿಸಿದ. ಒಳಗೆ ಮಿಷನ್ನು ಶುರುವಾಗಿ ಮೊದಲ ಕಾರ್ಡು ಬೀಳುವವರೆಗೂ ಅವಳು ನಿಂತಿದ್ದಳು. ಆಮೇಲೆ ಹೋದಳು.

ಆ ಸಂಜೆ ಅಜೀಜಾಬಿ ಬಂದಾಗ ಕಸ್ತೂರಿಬಾಯಿ ಬಚ್ಚಲ ಕಲ್ಲಿನ ಮೇಲೆ ಕೂತಿದ್ದಳು. ಬಳೆ ಒಡೆದಿರಲಿಲ್ಲ. ಒಂದೊಂದಾಗಿ ಸೋಪಿನ ನೀರು ಹಚ್ಚಿ ಕಳಚಿ, ತಾಳಿಯ ಜೊತೆಗೆ ಬಟ್ಟೆಯಲ್ಲಿ ಗಂಟು ಕಟ್ಟಿದ್ದಳು. ಹಣೆ ಮಾತ್ರ ಉಳಿದಿತ್ತು. "ಕೈ ಬರವಲ್ದು ಅಜೀಜಾ," ಎಂದಳು.

ಅಜೀಜಾಬಿ ಜೋರು ಬಾಯಿಯ ಹೆಂಗಸು. ನಲ್ಲಿಯ ಮುಂದೆ ಅವಳ ಜಗಳ ಕೇಳಲು ಜನ ಕೊಡ ಇಟ್ಟು ನಿಲ್ಲುತ್ತಿದ್ದರು. ಆ ದಿನ ತನ್ನ ಓಢಣಿಯ ಚುಂಗು ನೀರಲ್ಲಿ ಅದ್ದಿ, ಗೆಳತಿಯ ಗದ್ದ ಹಿಡಿದು, ಕೂಸಿನ ಮುಖ ಒರೆಸುವಂತೆ ಒರೆಸಿದಳು. ವರ್ಷಗಟ್ಟಲೆ ಕುಂಕುಮ ಕೂತ ಜಾಗ ಸುತ್ತಲಿನ ಚರ್ಮಕ್ಕಿಂತ ಬಿಳಿಚಿಕೊಂಡಿತ್ತು. "ಯಾ ಅಲ್ಲಾ," ಎಂದು ಅವಳೇ ಮೊದಲು ಅತ್ತಳು.

ಮಾರನೆಯ ಬೆಳಿಗ್ಗೆ ಓಣಿಯಲ್ಲಿ ಯಾರೂ ಏನೂ ಕೇಳಲಿಲ್ಲ. ಏನೂ ಕೇಳಬಾರದೆಂದು ಅಜೀಜಾಬಿ ಮನೆಮನೆಗೆ ಹೋಗಿ ತಾಕೀತು ಮಾಡಿ ಬಂದಿದ್ದಳು. ನಲ್ಲಿಯ ಹತ್ತಿರ ಹೆಂಗಸರು ಸರಿದು ಕಸ್ತೂರಿಬಾಯಿಗೆ ಜಾಗ ಬಿಟ್ಟರು. ಎಂದೂ ಇಲ್ಲದ ಆ ಮರ್ಯಾದೆಯೇ ಅವಳಿಗೆ ಚುಚ್ಚಿತು. ತವರಿಗೆ ಹೊರಟಿದ್ದ ಎದುರುಮನೆಯ ಸೊಸೆ ಸೇವಂತಿ, ಕೈಯಲ್ಲಿ ಟ್ರಂಕು ಹಿಡಿದು ಹೊಸ್ತಿಲು ದಾಟಿದವಳು, ಇವಳು ಎದುರಾದದ್ದನ್ನು ಕಂಡು ತಟ್ಟನೆ ಒಳಗೆ ಹೋಗಿ ಒಂದು ಗುಟುಕು ನೀರು ಕುಡಿದು ಮತ್ತೆ ಹೊರಟಳು. ಭೀಮರಾಯ ಬದುಕಿದ್ದಾನೆಂದು ಆ ಹುಡುಗಿಗೂ ಗೊತ್ತಿತ್ತು. ಗೊತ್ತಿದ್ದರೇನು, ಬೋಳು ಹಣೆ ಬೋಳು ಹಣೆಯೇ.

ವೈಶಾಖದಲ್ಲಿ ಮದುವೆಯಾಯಿತು. ಖೋಲಿಗಳ ಮುಂದಿನ ಬಯಲಲ್ಲಿ ಹಂದರ ಹಾಕಿದ್ದರು. ಸುರಗಿಗೆ ಬೀಗರ ಪೈಕಿಯ ಹೆಂಗಸರು ಸೇರಿ ಐದು ಮಂದಿ ಮುತ್ತೈದೆಯರು ನಿಂತರು. ಹಾಡು ಯಾರಿಗೂ ಪೂರ್ತಿ ಬರುತ್ತಿರಲಿಲ್ಲ. ಎರಡನೆಯ ನುಡಿಗೆ ತಪ್ಪಿದರು, ನಾಲ್ಕನೆಯದಕ್ಕೆ ನಿಂತೇಬಿಟ್ಟರು. ಒಲೆಯ ಮುಂದೆ ಹುಗ್ಗಿಯ ಹಂಡೆ ತಿರುವುತ್ತಿದ್ದ ಕಸ್ತೂರಿಬಾಯಿಯ ತುಟಿಗಳು ಮುಂದಿನ ಸಾಲನ್ನು ಹೇಳುತ್ತಿದ್ದವು, ದನಿ ಇರಲಿಲ್ಲ. ಹಸಿಮಣೆಯ ಮೇಲಿಂದ ನೀಲಾ ಒಲೆಯ ಕಡೆಗೇ ನೋಡುತ್ತಿದ್ದಳು. ತಂದೆಯ ಜಾಗದಲ್ಲಿ ಅಣವೀರಪ್ಪ ಕೂತಿದ್ದ. ಅಕ್ಕಿಕಾಳು ಬಿದ್ದಾಗ ಅವನು ಅತ್ತದ್ದನ್ನು ಬೀಗರು ಹುಡುಗಿಯ ಮೇಲಿನ ಮಮತೆ ಎಂದುಕೊಂಡರು.

ಊಟಕ್ಕೆ ಜನ ಹೆಚ್ಚಾಗಿ ಬಡಿಸುವವರು ಸಾಲಲಿಲ್ಲ. ಕೊನೆಯ ಪಂಕ್ತಿ ಕೂತಾಗ ಅಜೀಜಾಬಿ ಓಡಿಬಂದು ಕಸ್ತೂರಿಬಾಯಿಯ ಮೊಣಕೈ ಹಿಡಿದಳು. "ಕಸ್ತೂರಿ, ಆ ಕಡೀ ಸಾಲಿನ್ಯಾಗ ನೋಡು. ಕಂಬದ ಬಾಜೂಕ. ಅಂವ ಬಂದಾನ. ನಿಮ್ಮಣ್ಣನ್ನ ಕರೀಲೇನು?"

ಅವಳು ನೋಡಿದಳು. ತಲೆಗೆ ಟವೆಲ್ ಸುತ್ತಿ, ಒಗೆದ ಅಂಗಿ ತೊಟ್ಟು, ಎಲೆಯ ಮುಂದೆ ತಲೆ ಬಾಗಿಸಿ ಕೂತಿದ್ದ. ಪಕ್ಕದಲ್ಲಿ ಬೀಗರ ಕಡೆಯ ಮುದುಕನೊಬ್ಬ.

"ಬ್ಯಾಡ," ಎಂದು ಹುಗ್ಗಿಯ ಬಕೆಟ್ಟು ತಾನೇ ಎತ್ತಿಕೊಂಡಳು. "ಉಣ್ಲಿ."

ಸಾಲಿನ ಈ ತುದಿಯಿಂದ ಒಂದೊಂದೇ ಎಲೆಗೆ ಬಡಿಸುತ್ತ ಹೋದಳು. ಹತ್ತಿರವಾದಂತೆ ಮುದುಕನ ಮಾತು ಕೇಳಿಸತೊಡಗಿತು.

"ಯಾರ ಪೈಕಿ ನೀವು?"

"ಹುಡುಗಿ ಪೈಕಿ ರೀ. ಅವರ ತಂದಿ ಊರಾಂವ."

"ಹಂಗೇನು? ಪಾಪ, ಇರಬೇಕಿತ್ತು ನೋಡ್ರಿ ಇವತ್ತ ಅಂವ. ಇಂಥಾ ಮಗಳ ಲಗ್ನ ನೋಡ್ಲಾಕ ಪಡಕೊಂಡು ಬರಬೇಕು. ಮನಿಶಾ ಹೆಂಗಿದ್ದ?"

"ಏನ್ ಹೇಳ್ಲಿರಿ," ಎಂದ ಭೀಮರಾಯ.

"ಸತ್ತವರ ಬಗ್ಗಿ ಕೆಟ್ಟದ್ದು ಆಡಬಾರದು ಬಿಡ್ರಿ," ಎಂದು ಮುದುಕ ಎಲೆಗೆ ನೀರು ಚಿಮುಕಿಸಿದ.

ಕಸ್ತೂರಿಬಾಯಿ ಮುದುಕನಿಗೆ ಬಡಿಸಿ ಒಂದು ಹೆಜ್ಜೆ ಸರಿದಳು. ಅವನ ಎಲೆಗೆ ಬಾಗಿದಾಗ ಸೆರಗು ಹಿಂದೆ ಜಾರಿತು. ಎರಡು ಕೈಯಲ್ಲೂ ಕೆಲಸವಿತ್ತು, ಸರಿಮಾಡಿಕೊಳ್ಳಲಿಲ್ಲ. ಭೀಮರಾಯ ಮುಖ ಎತ್ತಿದ. ಗೇಣು ದೂರದಲ್ಲಿ ಅವಳ ಹಣೆ, ನಡುವೆ ಬಿಳಿಚಿದ ಒಂದು ಗುಂಡು ಕಲೆ. ಅವನ ಕೈ ಎಲೆಯ ಮೇಲೆ ಅಡ್ಡ ಬಂತು, ಸಾಕು ಎನ್ನುವ ಹಾಗೆ.

ಅವಳು ಕಾದಳು. ಸಾಲಿನಲ್ಲಿ ಇನ್ನೂ ಜನ ಕೂತಿದ್ದರು. ಸ್ವಲ್ಪ ಹೊತ್ತಿಗೆ ಅವನು ಕೈ ಹಿಂದಕ್ಕೆ ತೆಗೆದ. ಸೌಟು ತುಂಬ ಹುಗ್ಗಿ ಹಾಕಿದಳು, ಮೇಲೆ ಇನ್ನರ್ಧ ಸೌಟು.

"ಸಾವಕಾಶ ಉಣ್ರಿ," ಎಂದಳು, ಬಂದವರಿಗೆಲ್ಲ ಹೇಳುತ್ತಿದ್ದ ದನಿಯಲ್ಲೇ, ಮತ್ತು ಮುಂದಿನ ಎಲೆಗೆ ಬಾಗಿದಳು.